ಉಪ್ಪುನೀರಿನ ಮಗ್ಗುಲಾಗ ಎರಡು ರಾತ್ರಿ



ಹೋದ ವಾರ ಯಾಕ ಏನೂ ಬರೀಲಿಲ್ಲ ಅಂತ ನಾಲ್ಕೈದು ಮಂದಿ ಕೇಳಿದ್ರಿ. ಊರಾಗ ಇರಲಿಲ್ಲ. ದೀಪಾವಳಿ ಪಾಡ್ಯ ಮುಗಿಸಿ ಕುಮಟಾಕ್ಕ ಹೋಗಿದ್ದೆ, ಮಗಳ ಮನೆಗೆ. ಪ್ರವಾಸದ ಕಥಿ ಅಂತ ಇದನ್ನ ಮ್ಯಾಲ ಸರಿಸಿ ಮುಂದ ಹೋಗಬ್ಯಾಡ್ರಿ. ಕೆಳಗಿನ ಹಳ್ಳದ ದಂಡಿಗೆ ಹೊಲ ಇರೋ ನಾವು ಹನ್ನೊಂದು ಮನೆಯವರಿಗೆ ಬೇಕಾದ ಮಾತು ಇದರೊಳಗ ಐತಿ. ಸ್ವಲ್ಪ ಉದ್ದ ಆಗ್ತದ, ಊಟ ಆದಮ್ಯಾಲ ಓದ್ರಿ.

ಮೊದಲು ನನ್ನ ಹೊಲದ ಲೆಕ್ಕ ಹೇಳಿಬಿಡ್ತೀನಿ. ಒಟ್ಟು ಐದು ಎಕರೆ. ಮ್ಯಾಲಿನ ಮೂರು ಎಕರೆ ಇನ್ನೂ ಚಲೋ ಐತಿ, ಸೋನಾ ಮಸೂರಿ ಎಕರೆಗೆ 75 ಕೆಜಿಯ 35 ಚೀಲದ ಆಸುಪಾಸು ಕೊಡ್ತದ. ಹಳ್ಳದ ಕಡೆಯ ಎರಡು ಎಕರೆ ಮೊದಲು 30 ಚೀಲ ಕೊಡ್ತಿತ್ತು. ಹೋದ ವರ್ಷ ಎಕರೆಗೆ 9 ಚೀಲ. ಬೇಸಿಗೆಯಾಗ ಹೋಗಿ ನೋಡಿದ್ರ ಯಾರೋ ಸುಣ್ಣ ಚೆಲ್ಯಾರೇನೋ ಅನ್ನೋ ಹಂಗ ಬೆಳ್ಳಗ ಕಾಣ್ತದ. ನಿಮ್ಮ ಹೊಲನೂ ಹಂಗೇ ಆಗೇತಿ, ಹೇಳೋದೇನು ಬಂತು.

ಈಗ ಒಬ್ಬರು ಬಂದು, ಆ ಎರಡು ಎಕರೆ ಹತ್ತು ವರ್ಷ ಲೀಸಿಗೆ ಕೊಡ್ರಿ, ಮೀನಿನ ಹೊಂಡ ತೋಡ್ತೀವಿ ಅಂದಾರ. ತಮ್ಮನಿಗೆ ಇದು ಒಪ್ಪಿಗೆ. ಅವನು ಹೊಸಪೇಟೆಯಾಗ ಇರ್ತಾನ. "ಅಣ್ಣಾ, 9 ಚೀಲದ ಸಲುವಾಗಿ ಗೊಬ್ಬರ, ಎಣ್ಣಿ, ಆಳು ಅಂತ ಯಾಕ ಸುರೀತಿ, ವರ್ಷಕ್ಕ ಕೂತಲ್ಲೇ ರೊಕ್ಕ ಬರ್ತದ" ಅಂತಾನ. ಅವನ ಮಾತಿನಾಗ ಲೆಕ್ಕ ತಪ್ಪಿಲ್ಲ. ಸಂಕ್ರಾಂತಿ ಒಳಗ ಹೌದು ಅಥವಾ ಇಲ್ಲ ಅನ್ನಬೇಕು. ಈ ಗುಂಗಿನಾಗೇ ನಾನು ಬಸ್ ಹತ್ತಿದ್ದು.

ಗಂಗಾವತಿಯಿಂದ ಕೊಪ್ಪಳ, ಗದಗ, ಹುಬ್ಬಳ್ಳಿ. ಅಲ್ಲಿಂದ ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾ, ಆಮೇಲೆ ಕುಮಟಾ. ಮಗಳ ಮನೆ ಸಣ್ಣ ಕ್ವಾರ್ಟರ್ಸ್, ಒಂದೇ ಕೋಣೆ. ಅಳಿಯಂದ್ರು ಮೊದಲೇ ಊರ ಹೊರಗ ಒಂದು ಹಳೇ ಮನಿ ಎರಡು ರಾತ್ರಿಗೆ ಹೇಳಿಟ್ಟಿದ್ರು. "ಮಾವಾ, ಸಮುದ್ರ ಎಲ್ಲಾರೂ ನೋಡ್ತಾರ. ನಿಮಗ ಗದ್ದಿ ಇರೋ ಕಡೆ ಇದ್ರ ಚಲೋ ಅನಿಸ್ತದ" ಅಂದ್ರು. ಅವರು ನನ್ನನ್ನ ಸರಿಯಾಗಿ ತಿಳಕೊಂಡಾರ.

ಊರಿನವರು ಆ ಮನಿಗೆ 'ಬಂಗ್ಲೆ' ಅಂತಾರ. ಬಂಗ್ಲೆ ಅಂದ್ರ ದೊಡ್ಡದೇನಲ್ಲ. ಚಿರೆಕಲ್ಲಿನ ಗ್ವಾಡಿ, ಮಂಗಳೂರು ಹಂಚು, ಮುಂದ ಉದ್ದಕ ಜಗಲಿ, ಎರಡು ಕೋಣೆ. ಯಜಮಾನರಿಗೆ ಎಪ್ಪತ್ತರ ಮ್ಯಾಲ ವಯಸ್ಸು. ಪಕ್ಕದ ಸಣ್ಣ ಮನಿಯಾಗ ಅವರು, ಅವರ ಹೆಂಡತಿ ಇರ್ತಾರ. ಬಂದವರಿಗೆ ಎರಡು ಕೋಣೆ ಬಾಡಿಗೆಗೆ ಕೊಡ್ತಾರ, ಊಟನೂ ಅವರೇ ಹಾಕ್ತಾರ. ಏಸಿ ಇಲ್ಲ, ಟಿವಿ ಇಲ್ಲ. ಬಚ್ಚಲದಾಗ ಹಂಡೆ, ಕೆಳಗ ತೆಂಗಿನ ಮಡಲಿನ ಉರಿ. ರಾತ್ರಿ ಹಂಚಿನ ಮ್ಯಾಲ ಏನೋ ಓಡಾಡಿದ ಸಪ್ಪಳಕ್ಕ ನಮ್ಮ ಮನೆಯವರು ಎರಡು ಸಲ ಎದ್ದು ಕೂತ್ರು. ಹಾಸಿಗಿ ಮಾತ್ರ ಸ್ವಚ್ಛ ಇತ್ತು, ಊಟ ಬಿಸಿ ಇತ್ತು. ಅಷ್ಟಾದ್ರ ನಮಗ ಸಾಕು.

ನಾವು ಮುಟ್ಟಿದಾಗ ಸಂಜೆ ಆರೂವರೆ. ಮನಿ ಮುಂದ ನೀರು ಐತಿ ಅಂತ ಹೇಳಿದ್ರಲ್ಲ, ನೋಡಿದ್ರ ಬರೀ ಕೆಸರು. ಕಣ್ಣು ಹಾಯೋ ತನಕ ಕರೀ ಕೆಸರು, ನಡುವ ಒಂದು ಸಣ್ಣ ಹರಿವು, ಆಕಡೆ ಕಾಂಡ್ಲಾ ಗಿಡದ ಸಾಲು. ರಾತ್ರಿ ಹನ್ನೆರಡೂವರೆಗೆ ಎದ್ದು ಹೊರಗ ಬಂದ್ರ ಜಗಲಿ ಮೆಟ್ಟಿಲಿನಿಂದ ನಾಲ್ಕು ಮಾರು ದೂರದಾಗ ನೀರು ಬಂದು ನಿಂತಿತ್ತು. ಸಪ್ಪಳಿಲ್ಲ, ತೆರಿ ಇಲ್ಲ. ನಮ್ಮ ಊರ ದೊಡ್ಡ ಕೆರೆ ತುಂಬಿದ ಹಂಗ ತಣ್ಣಗ ಹರಡಿಕೊಂಡಿತ್ತು. ಬೆಳಿಗ್ಗೆ ಏಳಕ್ಕ ಎದ್ದಾಗ ಮತ್ತ ಕೆಸರು.

ಇದು ಅಘನಾಶಿನಿ ಹೊಳಿಯ ಹಿನ್ನೀರು. ಹೊಳಿ ಶಿರಸಿ ಕಡೆ ಹುಟ್ಟಿ, ಉಂಚಳ್ಳಿ ಜೋಗದಾಗ ಧುಮುಕಿ, ತದಡಿ ಹತ್ರ ಸಮುದ್ರ ಸೇರ್ತದ. ಇದಕ್ಕ ಒಂದೂ ಅಣೆಕಟ್ಟಿಲ್ಲ. ಸಮುದ್ರ ಸೇರೋ ಮೊದಲು ಅಗಲಕ ಹರಡಿಕೊಳ್ತದ, ಅದಕ್ಕ ಅಳಿವೆ ಅಂತಾರ. ದಿನಕ್ಕ ಎರಡು ಸಲ ಸಮುದ್ರದ ನೀರು ಒಳಗ ಬರ್ತದ, ಎರಡು ಸಲ ಹೊರಗ ಹೋಗ್ತದ. ದಿನಾ ಸುಮಾರು 50 ನಿಮಿಷ ತಡ ಆಗ್ತಾ ಹೋಗ್ತದಂತ. ಅಮಾವಾಸಿ, ಹುಣ್ಣಿಮಿ ಹತ್ರ ಏರಿಳಿತ ಜೋರು. ನಾವು ಹೋದದ್ದು ಅಮಾವಾಸಿ ಆದ ಮೂರನೇ ದಿನ, ಹಂಗಾಗಿ ಜೋರೇ ಇತ್ತು. 2024ರಾಗ ಈ ಅಳಿವೆಯನ್ನ ರಾಮ್ಸಾರ್ ಪಟ್ಟಿಗೆ ಸೇರಿಸ್ಯಾರ, ಅಂದ್ರ ಜಗತ್ತಿನ ಮುಖ್ಯ ಜೌಗು ಪ್ರದೇಶದಾಗ ಇದೂ ಒಂದು.

ಬೆಳಿಗ್ಗೆ ಇಳಿತದಾಗ ಹತ್ತಿಪ್ಪತ್ತು ಹೆಣ್ಣುಮಕ್ಕಳು ಮೊಣಕಾಲ ತನಕ ಕೆಸರಿಗೆ ಇಳಿದು ಬಳಚು ಆರಿಸ್ತಿದ್ರು. ಬಳಚು ಅಂದ್ರ ಚಿಪ್ಪಿನೊಳಗಿನ ಮಾಂಸ ತಿನ್ನೋದು. ನೀರು ತಿರುಗಿ ಏರೋದ್ರೊಳಗ ಬುಟ್ಟಿ ತುಂಬಬೇಕು. ನಮ್ಮ ಕಡೆ ಹೆಣ್ಣಾಳು ನಾಟಿ ಹಚ್ಚೋವಾಗ ಬಗ್ಗಿದ ಹಂಗೇ ಬಗ್ಗಿದ್ರು. ನಮ್ಮ ಮನೆಯವರು ಬಹಳ ಹೊತ್ತು ನೋಡಿ, "ಸೊಂಟ ಎಲ್ಲಾ ಕಡಿನೂ ಒಂದೇ ನೋಡ್ರಿ" ಅಂದ್ರು.

ಈಗ ಮುಖ್ಯ ಮಾತಿಗೆ ಬರ್ತೀನಿ.

ಬಂಗ್ಲೆ ಹಿಂದ ಭತ್ತದ ಗದ್ದಿ ಐತಿ. ಮುಂದ ಉಪ್ಪುನೀರು, ಹಿಂದ ಭತ್ತ, ನಡುವ ಒಂದು ಒಡ್ಡು. ಅಷ್ಟೇ. ಒಡ್ಡಿನ ಮ್ಯಾಲ ನಿಂತು ನೋಡಿದ್ರ ಹೊರಗಿನ ನೀರಿನ ಮಟ್ಟ ಒಳಗಿನ ಗದ್ದಿಗಿಂತ ಎತ್ತರ ಇತ್ತು. ನನಗ ಕಾಲು ನಡುಗಿತು. ಇದಕ್ಕ ಅವರು ಗಜನಿ ಭೂಮಿ ಅಂತಾರ. ಬೆಳಿಯೋ ಭತ್ತದ ಹೆಸರು ಕಗ್ಗ. ಆಳೆತ್ತರಕ್ಕ ಹತ್ರ ಬೆಳೀತದ, ಕೆಂಪಕ್ಕಿ. ಉಪ್ಪು ತಡೀತದ, ನಾಲ್ಕು ದಿನ ನೀರಾಗ ಮುಳುಗಿದ್ರೂ ಸಾಯೋದಿಲ್ಲ. ಗೊಬ್ಬರ ಇಲ್ಲ, ಎಣ್ಣಿ ಹೊಡೆಯೋದಿಲ್ಲ. ನಾವು ಹೋದಾಗ ಕೊಯ್ಲು ನಡೆದಿತ್ತು. ಬುಡಕ್ಕ ಕೊಯ್ಯೋದಿಲ್ಲ, ತೆನಿ ಕಡೆಗೆ ಮ್ಯಾಲ ಕೊಯ್ದು ಹುಲ್ಲು ಗದ್ದಿಯಾಗೇ ಬಿಡ್ತಾರ. ಯಾಕ್ರಿ ಅಂತ ಕೇಳಿದೆ.

"ಅದು ಮೀನಿಗೆ ಮಾರಾಯ್ರೆ," ಅಂದ್ರು ಯಜಮಾನರು. "ಕೊಯ್ಲು ಮುಗಿದ ಮೇಲೆ ಬಾಗಿಲು ತೆಗೆದು ಉಪ್ಪುನೀರು ಒಳಗೆ ಬಿಡೂದು. ಹುಲ್ಲು ಕೊಳೀತದೆ, ಶೆಟ್ಲಿ, ಮೀನು ಅದನ್ನೇ ತಿಂದು ದೊಡ್ಡದಾಗ್ತವೆ. ಮಳೆಗಾಲದ ತನಕ ಅದೇ ಬೆಳೆ."

ಅಂದ್ರ ಒಂದೇ ಭೂಮಿಯಾಗ ಮಳಿಗಾಲಕ್ಕ ಭತ್ತ, ಬೇಸಿಗೆಗೆ ಸಿಗಡಿ. ಇದು ನಿನ್ನೆ ಮೊನ್ನೆಯದಲ್ಲ, ಅವರ ಅಜ್ಜಂದಿರ ಕಾಲದ್ದು. ನಾನು ಸುಮ್ಮನ ಲೆಕ್ಕ ಹಾಕಿದೆ. ನಮ್ಮ ಹೊಲಕ್ಕ ಹಿಂಡಿದಷ್ಟು ಉಪ್ಪು ಬಂದಿದ್ದಕ್ಕ ನಾವು ಹೊಲ ಬಿಡೋ ಮಾತಾಡ್ತಿದ್ದೀವಿ. ಇವರು ಪ್ರತಿ ವರ್ಷ ಬೇಕಂತಲೇ ಗದ್ದಿಗೆ ಸಮುದ್ರ ಬಿಟ್ಟುಕೊಳ್ತಾರ, ಮತ್ತ ಅದರಾಗೇ ಭತ್ತ ಬೆಳೀತಾರ.

ಸಹಜ ನಾನು ಕೇಳಿದ್ದೇ, "ಯಜಮಾನ್ರೇ, ಒಂದೆರಡು ಸೇರು ಬೀಜ ಕೊಡ್ರಿ, ನಮ್ಮ ಸವಳು ಹೊಲಕ್ಕ ಹಾಕಿ ನೋಡ್ತೀನಿ" ಅಂತ. ಅವರು ನಕ್ರು. ನಮ್ಮಲ್ಲಿ ಮಳಿ ಎಷ್ಟು ಅಂತ ಕೇಳಿದ್ರು. 600 ಮಿಲಿಮೀಟರ್ ಸುತ್ತಮುತ್ತ ಅಂದೆ. ಅವರಲ್ಲಿ ಮೂರು ಸಾವಿರದ ಮ್ಯಾಲ. ಜೂನ್, ಜುಲೈದಾಗ ಸುರಿಯೋ ಮಳಿ ಗದ್ದಿಯ ಉಪ್ಪು ತೊಳೀತದ. ತೊಳೆದ ನೀರು ಇಳಿತದ ಹೊತ್ತಿನಾಗ ಬಾಗಿಲಿನಿಂದ ಹೊರಗ ಹೋಗ್ತದ. ಹಿಂಗ ತೊಳೆದ ಮ್ಯಾಲ ಮೊಳಕೆ ಬರಿಸಿದ ಬೀಜ ಎರಚೋದು.

"ಬೀಜದಲ್ಲಿ ಎಂತ ಇಲ್ಲ," ಅಂದ್ರು. "ಉಪ್ಪು ಬರೂದು ದೊಡ್ಡ ಸಂಗತಿ ಅಲ್ಲ. ಅದಕ್ಕೆ ಹೋಗೂಕೆ ದಾರಿ ಉಂಟಾ ಇಲ್ವಾ ಅಂತ ನೋಡಬೇಕು."

ನನಗ ಅಲ್ಲೇ ನಮ್ಮ ಹಳ್ಳ ನೆನಪಾತು.

ಆ ದಾರಿಗೆ ಅವರು ಜಂತ್ರಡಿ ಅಂತಾರ. ಒಡ್ಡಿನ ನಡುವ ಕಲ್ಲಿನ ಕಟ್ಟು, ಅದಕ್ಕ ಹಲಗಿ ಬಾಗಿಲು. ಹೊರಗ ನೀರು ಏರಿದಾಗ ಮುಚ್ಚಬೇಕು, ಇಳಿದಾಗ ತೆಗೆದು ಒಳಗಿನ ನೀರು ಬಿಡಬೇಕು. ಕೇಳೋದಕ್ಕ ಸುಲಭ. ಆದ್ರ ನೀರು ಹಗಲು ರಾತ್ರಿ ನೋಡೋದಿಲ್ಲ. ಎರಡನೇ ರಾತ್ರಿ ಒಂದೂವರೆಗೆ ಯಜಮಾನರು ಬ್ಯಾಟರಿ ಹಿಡಕೊಂಡು ಹೊರಟ್ರು. ನಾನೂ ಹಿಂದ ಹೋದೆ. ಕೊಯ್ಲು ಅರ್ಧ ಉಳಿದಿತ್ತು. ಆ ಹೊತ್ತಿನಾಗ ಉಪ್ಪುನೀರು ಒಳಗ ನುಗ್ಗಿದ್ರ ನಿಂತ ತೆನಿ ಎಲ್ಲಾ ಹೋಗ್ತದ. ಹಲಗಿ ಸಂದಿನಿಂದ ಸಣ್ಣಗ ನೀರು ಜಿನುಗ್ತಿತ್ತು. ಅವರು ಮಂಡಿ ಊರಿ ಕೂತು, ಜೇಡಿ ಮಣ್ಣು ಹುಲ್ಲು ಕಲಿಸಿ ಸಂದಿಗೆ ತುರುಕಿದ್ರು. ನಾನು ಬ್ಯಾಟರಿ ಹಿಡಿದೆ. 2024ರ ಆಗಸ್ಟ್‌ನಾಗ ನಮ್ಮ ಡ್ಯಾಮಿನ 19ನೇ ಗೇಟ್ ಚೈನ್ ಕಡಿದು ಕೊಚ್ಚಿ ಹೋದಾಗ ಒಂದು ವಾರ ನಮಗ್ಯಾರಿಗೂ ನಿದ್ದಿ ಇರಲಿಲ್ಲ, ನೆನಪೈತಲ್ಲ? ಅವರಿಗೆ ಆ ಚಿಂತಿ ದಿನಾ ಎರಡು ಹೊತ್ತು.

"ಇವತ್ತು ನಿಮ್ಮ ಪಾಳೀನಾ?" ಅಂತ ಕೇಳಿದೆ. ಹೌದು, ಪಾಳಿ ಐತಿ. ಆ ಗಜನಿಯಾಗ ಬಹಳ ಮನೆಯವರ ಪಾಲು ಐತಿ. ಒಬ್ಬೊಬ್ಬರದು ಹತ್ತು ಗುಂಟೆ, ಇಪ್ಪತ್ತು ಗುಂಟೆ. ಗದ್ದಿ ಬ್ಯಾರೆ ಬ್ಯಾರೆ, ಆದ್ರ ಒಡ್ಡು ಒಂದೇ, ಬಾಗಿಲು ಒಂದೇ. ಒಬ್ಬ ತನ್ನ ಗದ್ದಿ ಮುಂದಿನ ಒಡ್ಡು ನೋಡದೇ ಬಿಟ್ಟ ಅಂದ್ರ ಎಲ್ಲರ ಗದ್ದಿನೂ ಮುಳುಗಿತು. ಹಂಗಾಗಿ ನನ್ನದು ನನಗ, ನಿನ್ನದು ನಿನಗ ಅನ್ನೋ ಮಾತೇ ಅಲ್ಲಿ ನಡಿಯೋದಿಲ್ಲ.

ಇದೆಲ್ಲಾ ಕೇಳಿ ಅಲ್ಲಿ ಸ್ವರ್ಗ ಐತಿ ಅಂತ ತಿಳಕೋಬ್ಯಾಡ್ರಿ. ಮರುದಿನ ಗೋಕರ್ಣಕ್ಕ ಹೋಗೋವಾಗ ದಾರಿಯಾಗ ಪಾಳು ಬಿದ್ದ ಗಜನಿ ಬಹಳ ನೋಡಿದೆ. ಒಡ್ಡು ಒಡೆದು, ಒಳಗ ಕಾಂಡ್ಲಾ ಗಿಡ ಬೆಳೆದು, ಗದ್ದಿ ಇತ್ತು ಅನ್ನೋ ಗುರುತೂ ಉಳಿದಿಲ್ಲ. ಯಾಕ ಹಿಂಗಾತು ಅಂತ ಹಿಂದಿನ ರಾತ್ರಿ ಜಗಲಿ ಮ್ಯಾಲ ಕೂತಾಗ ಯಜಮಾನರು ಹೇಳಿದ್ರು.

ಬೇಸಿಗೆ ಮೀನಿನ ಹಕ್ಕು ಹರಾಜು ಹಾಕೋ ಪದ್ಧತಿ ಐತಿ. ಮೊದಲು ಭತ್ತ ದೊಡ್ಡದು, ಮೀನು ಮ್ಯಾಲಿನ ಆದಾಯ. ಸಿಗಡಿಗೆ ರೇಟು ಬಂದಮ್ಯಾಲ ಲೆಕ್ಕ ತಿರುಗಿತು. ಹರಾಜು ಹಿಡಿದವನಿಗೆ ಉಪ್ಪುನೀರು ಎಷ್ಟು ತಿಂಗಳು ಒಳಗ ಇದ್ರ ಅಷ್ಟು ಲಾಭ. ಅವನು ಬಾಗಿಲು ಬೇಗ ತೆಗೀತಾನ, ತಡ ಮಾಡಿ ಮುಚ್ತಾನ. ಉಪ್ಪು ತೊಳಿಯೋದಕ್ಕ ಮಳಿ ಸಾಲೋದಿಲ್ಲ, ಭತ್ತ ಕಡಿಮಿ ಆತು. ಭತ್ತ ಕಡಿಮಿ ಆದಮ್ಯಾಲ ಒಡ್ಡಿಗೆ ಬರೋ ಮಂದಿ ಕಡಿಮಿ ಆದ್ರು. ರೊಕ್ಕ ಮನಿಗೇ ಬರ್ತದಲ್ಲ, ಒಡ್ಡಿಗೆ ಯಾಕ ಹೋಗಬೇಕು? 1990ರ ದಶಕದಾಗ ಸಿಗಡಿಗೆ ಬಿಳಿ ಚುಕ್ಕಿ ರೋಗ ಬಂತು, ಸಿಗಡಿನೂ ಹೋತು. ಆಮೇಲೆ ಒಡ್ಡು ಒಡೀತು. ಕಟ್ಟೋದಕ್ಕ ಮಂದಿ ಇಲ್ಲ, ಭತ್ತ ಬೆಳಿಯೋದು ಗೊತ್ತಿದ್ದವರು ಮುದುಕರಾದ್ರು, ಬೀಜನೂ ಇಲ್ಲ.

"ದುಡ್ಡು ಬಂದದ್ದು ಬೇಡ ಅಂತ ನಾ ಹೇಳೂದಿಲ್ಲ," ಅಂದ್ರು ಅವರು. "ನಮ್ಮ ಮನೆ ಹಂಚು ಹೊದೆಸಿದ್ದೂ ಶೆಟ್ಲಿ ದುಡ್ಡಲ್ಲೇ. ಆದ್ರೆ ಬಾಗಿಲು ಮಾತ್ರ ಬೇರೆಯವ್ರ ಕೈಲಿ ಕೊಡೂಕೆ ಆಗ."

ಈ ಮಾತು ಕೇಳಿ ನನಗ ಆ ರಾತ್ರಿ ನಿದ್ದಿ ಬರಲಿಲ್ಲ. ಅವರಿಗೆ ನನ್ನ ಲೀಸಿನ ವಿಷಯ ನಾನು ಹೇಳಿರಲೇ ಇಲ್ಲ.

ಮಾಣಿಕಟ್ಟಾ ಕಡೆ ರೈತರು ಒಟ್ಟಾಗಿ ಕಗ್ಗ ಉಳಿಸಿಕೊಂಡಾರ, ಅಲ್ಲಿಂದಲೇ ಬ್ಯಾರೆ ಕಡೆಗೆ ಬೀಜ ಹೋಗ್ತದ ಅಂತ ಹೇಳಿದ್ರು. ಇಳುವರಿ ನಮ್ಮ ಸೋನಾ ಮಸೂರಿಯ ಅರ್ಧಕ್ಕೂ ಬರೋದಿಲ್ಲ. ಆದ್ರ ಖರ್ಚು ಅಂದ್ರ ಮೈ ಮುರಿದು ದುಡಿಯೋದು ಅಷ್ಟೇ, ಅಂಗಡಿ ಸಾಲ ಇಲ್ಲ. ಆ ಅಕ್ಕಿಯ ಗಂಜಿ ಎರಡು ದಿನ ಉಂಡೆ. ಹೊಟ್ಟಿ ಗಟ್ಟಿ ಹಿಡೀತದ. ರೊಟ್ಟಿ ಉಂಡವನಿಗೆ ಗಂಜಿಯಾಗ ಏನು ತಾಕತ್ತು ಅಂತ ಅಂದುಕೊಂಡಿದ್ದೆ, ಮಧ್ಯಾಹ್ನ ಎರಡರ ತನಕ ಹಸಿವು ಆಗಲಿಲ್ಲ. ಮೀನಿನ ಮುಳ್ಳು ತೆಗೆಯೋದರಾಗ ಮಾತ್ರ ನನ್ನ ಮೊಮ್ಮಗ ನನಗಿಂತ ಶಾಣ್ಯಾ ಆಗ್ಯಾನ.

ಗೋಕರ್ಣದ ದಾರಿಯಾಗ ಸಾಣಿಕಟ್ಟಾ ಉಪ್ಪಿನ ಆಗರನೂ ನೋಡಿದ್ವಿ. ಆಗ ಉಪ್ಪಿನ ಹಂಗಾಮು ಅಲ್ಲ, ಮಡಿಯಾಗ ನೀರು ನಿಂತಿತ್ತು. ಬೇಸಿಗೆಯಾಗ ಅಲ್ಲಿ ಉಪ್ಪು ಮಾಡ್ತಾರ. ಅದೇ ಅಳಿವೆಯ ನೀರು. ಒಳಗ ನಿಲ್ಲಿಸಿ ಒಣಗಿಸಿದ್ರ ಉಪ್ಪು ಸಿಗ್ತದ, ಮಳಿಯಿಂದ ತೊಳೆದು ಹೊರಗ ಕಳಿಸಿದ್ರ ಭತ್ತ ಸಿಗ್ತದ. ನಮ್ಮ ಹಳ್ಳದ ದಂಡಿ ಹೊಲದಾಗ ನಾವು ಈಗ ಮಾಡ್ತಿರೋದು ಯಾವುದು ಅಂತ ನೀವೇ ಹೇಳ್ರಿ. ಕಾಲುವೆ ನೀರು ಬರ್ತದ, ನಿಲ್ತದ, ಬಿಸಿಲಿಗೆ ಒಣಗ್ತದ. ನಾವು ಭತ್ತದ ಹೊಲ ಅಂತ ಹೇಳಿಕೊಂಡು ಆಗರ ನಡೆಸ್ತಿದ್ದೀವಿ.

ನಮ್ಮದು ಯಾಕ ಸವಳಾತು ಅನ್ನೋದು ಎಲ್ಲರಿಗೂ ಗೊತ್ತಿದ್ದದ್ದೇ, ಆದ್ರೂ ಒಂದು ಸಲ ಬರೀತೀನಿ. ಕಾಲುವೆ ಬಂದಾಗ ಈ ಭಾಗದ ಬಹಳ ಹೊಲ ಜ್ವಾಳ, ಹತ್ತಿ, ಸೇಂಗಾ ಅಂತ ಹಗುರ ನೀರಾವರಿಗೆ ಲೆಕ್ಕ ಹಾಕಿದ್ದು. ನಂತರ ಎಲ್ಲಾ ಕಡೆ ಭತ್ತ ಆತು. ಮ್ಯಾಲಿನ ಹೊಲದಾಗ ನಿಂತ ನೀರು ಬಸಿದು ಕೆಳಗಿನವರಿಗೆ ಬರ್ತದ. ನೆಲದೊಳಗಿನ ನೀರು ಮ್ಯಾಲ ಏರ್ತದ. ಬೇಸಿಗೆಯಾಗ ಆ ನೀರು ಆವಿ ಆಗಿ ಹೋಗ್ತದ, ಉಪ್ಪು ಮ್ಯಾಲ ಉಳೀತದ. ಬಸಿದ ನೀರು ಹೋಗೋದಕ್ಕ ಇದ್ದ ದಾರಿ ಒಂದೇ, ನಮ್ಮ ಕೆಳಗಿನ ಹಳ್ಳ. ಅದರಾಗ ಈಗ ಜಾಲಿ, ಜೊಂಡು, ಹೂಳು. ಪೂಲಿನ ಹತ್ರ ನಿಂತು ನೋಡ್ರಿ, ಹಳ್ಳದ ತಳ ನಮ್ಮ ಹೊಲಕ್ಕ ಸಮ ಆಗೇತಿ. ಹೂಳು ತೆಗೆಸ್ರಿ ಅಂತ ಸಂಬಂಧಪಟ್ಟ ಕಚೇರಿಗೆ ಅರ್ಜಿ ಕೊಟ್ಟು ಮೂರು ವರ್ಷ ಆತು. ಅರ್ಜಿ ಎಲ್ಲೈತೋ ಆ ದೇವರಿಗೇ ಗೊತ್ತು.

ಕೆಲವರು ಜಿಪ್ಸಂ ಹಾಕ್ರಿ ಅಂತಾರ. ಮಣ್ಣು ಪರೀಕ್ಷೆ ಮಾಡಿಸದೇ ಹಾಕಬ್ಯಾಡ್ರಿ. ಜಿಪ್ಸಂ ಕೆಲಸ ಮಾಡೋದು ಕ್ಷಾರದ ಕರ್ಲು ಮಣ್ಣಿಗೆ. ನಮ್ಮದು ಬರೀ ಉಪ್ಪಿನ ಸವಳಾಗಿದ್ರ ಜಿಪ್ಸಂ ರೊಕ್ಕ ನೀರಿಗೆ ಹಾಕಿದ ಹಂಗ. ರಿಪೋರ್ಟಿನಾಗ ಇ.ಸಿ. ಅಂತ ಬರೆದಿರ್ತಾರ. ಹದ ಮಾಡಿದ ಮಣ್ಣಿನ ನೀರು ತೆಗೆದು ಅಳೆದಾಗ ಅದು 4ರ ಮ್ಯಾಲ ಇದ್ರ ಸವಳು ಅಂತ ಲೆಕ್ಕ. ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದಾಗ ಈ ಸವಳು ಜವಳು ಮಣ್ಣಿನ ಕೆಲಸ ಬಹಳ ವರ್ಷದಿಂದ ನಡೆದೈತಿ, ನಮಗ ಅಷ್ಟು ಹತ್ರ ಇದ್ದು ಕೇಳದೇ ಇರೋದು ಸರಿಯಲ್ಲ. ನೆಲದೊಳಗ ತೂತಿನ ಪೈಪ್ ಹಾಕಿ ಬಸಿಯೋ ಪದ್ಧತಿನೂ ಐತಿ. ಆದ್ರ ಪೈಪ್ ಹಾಕಿದ್ರೂ ಆ ನೀರು ಎಲ್ಲಿಗೆ ಬಿಡ್ತೀರಿ? ಹಳ್ಳಕ್ಕೇ ಬಿಡಬೇಕು. ಹಳ್ಳ ಹೊಲಕ್ಕ ಸಮ ಇದ್ರ ಪೈಪ್‌ನಾಗ ನೀರು ಹಿಂದಕ್ಕ ಬರ್ತದ.

ಹಂಗಾಗಿ ಎಲ್ಲಾ ಸುತ್ತಿ ಬಂದು ಹಳ್ಳಕ್ಕೇ ನಿಲ್ತದ.

ಲೀಸಿನ ವಿಷಯಕ್ಕ ನಾನು ತಮ್ಮನಿಗೆ ಫೋನ್ ಮಾಡಿ ಇಲ್ಲ ಅಂತ ಹೇಳೀನಿ. ಮೀನಿನ ಹೊಂಡ ಕೆಟ್ಟದ್ದು ಅಂತ ಅಲ್ಲ. ಬ್ಯಾರೆ ಕಡೆ ಹೊಂಡ ಮಾಡಿ ಚಲೋ ಆದವರು ಅದಾರ. ನನ್ನ ಎರಡು ಎಕರೆ ಇರೋದು ಹಳ್ಳದ ಬಾಯಿಗೆ. ಅಲ್ಲಿ ಹೊಂಡ ತೋಡಿ ಸುತ್ತ ಏರಿ ಹಾಕಿದ್ರ ಹಿಂದಿನ ಹತ್ತು ಮನೆಯವರ ಬಸಿ ನೀರು ಎಲ್ಲಿಗೆ ಹೋಗಬೇಕು? ಹತ್ತು ವರ್ಷ ಆ ಬಾಗಿಲು ಬ್ಯಾರೆಯವರ ಕೈಯಾಗ ಇರ್ತದ. ತಮ್ಮ ಸಿಟ್ಟಾಗ್ಯಾನ. "ಊರ ಉಸಾಬರಿ ನಿನಗ್ಯಾಕ" ಅಂದ. ಅವನ ಪಾಲಿನ ಲೀಸಿನ ರೊಕ್ಕ ನಾನೇ ಮ್ಯಾಲಿನ ಹೊಲದ ಬೆಳಿಯಾಗ ಎರಡು ವರ್ಷ ಕೊಡ್ತೀನಿ ಅಂತ ಹೇಳೀನಿ. ಎರಡು ವರ್ಷದಾಗ ಆ ಹೊಲ ಎಕರೆಗೆ 20 ಚೀಲಕ್ಕ ಬರದಿದ್ರ ಅವನು ಹೇಳಿದ ಹಂಗ ಕೇಳ್ತೀನಿ. ಇದು ನನ್ನ ಮ್ಯಾಲಿನ ಹೊರಿ. ನಿಮಗ ಗೊತ್ತಿರಲಿ ಅಂತ ಬರೆದೆ.

ಈಗ ನಮ್ಮ ಕೆಲಸ. ಬಂದ ಮರುದಿನವೇ ಟೇಪ್ ಹಿಡಿದು ಅಳೆದೀನಿ. ನನ್ನ ಹೊಲದಿಂದ ಪೂಲಿನ ತನಕ ಹಳ್ಳ ಸುಮಾರು 900 ಮೀಟರ್. ಜೆಸಿಬಿಯವರನ್ನ ಕರೆದು ತೋರಿಸಿದೆ, 25 ತಾಸಿನ ಕೆಲಸ ಅಂದ. ತಾಸಿಗೆ 1,200 ಅಂದ್ರ 30,000 ರೂಪಾಯಿ. ಹನ್ನೊಂದು ಮನೆಯವರದು ಸೇರಿ 38 ಎಕರೆ ಆಗ್ತದ. ಎಕರೆಗೆ 800 ರೂಪಾಯಿಯೂ ಬೀಳೋದಿಲ್ಲ, ಒಂದು ಸಲ ಎಣ್ಣಿ ಹೊಡೆಯೋ ಖರ್ಚು. ಸಣ್ಣ ಹಿಡುವಳಿಯವರು ರೊಕ್ಕ ಇಲ್ಲದಿದ್ರ ಜಾಲಿ ಕಡಿಯೋದಕ್ಕ ಬರ್ರಿ, ಅದನ್ನೇ ಪಾಲು ಅಂತ ಹಿಡಿಯೋಣ. ಕೊಯ್ಲು ಮುಗಿದು ಹಳ್ಳ ಸ್ವಲ್ಪ ಆರಿದಮ್ಯಾಲ ಹಚ್ಚಿದ್ರ ಮುಂದಿನ ಮಳಿ ಒಳಗ ಮುಗೀತದ. ಮಳಿ ಬಿದ್ದಾಗ ಹೊಲದ ಉಪ್ಪು ತೊಳೆದು ಹೋಗೋದಕ್ಕ ದಾರಿ ಇರ್ತದ. ಹಳ್ಳ ತೆಗೆದ ಕೂಡಲೇ ಹೊಲ ಬಂಗಾರ ಆಗೋದಿಲ್ಲ. ಮೊದಲ ವರ್ಷ ಡಯಾಂಚಾ ಬಿತ್ತಿ ಮಣ್ಣಿಗೆ ಹೊಡೀಬೇಕು, ನೀರು ಕಟ್ಟಿ ಬಸಿದು ತೊಳೀಬೇಕು. ಅದು ಮುಂದಿನ ಮಾತು.

ಒಮ್ಮೆ ತೆಗೆದು ಸುಮ್ಮನಾದ್ರ ನಾಲ್ಕು ವರ್ಷಕ್ಕ ಮತ್ತ ಜಾಲಿ ಬೆಳೀತದ. ಅವರ ಹಂಗ ನಾವೂ ಪಾಳಿ ಹಚ್ಚಬೇಕು. ವರ್ಷಕ್ಕ ಎರಡು ಸಲ, ಮನಿಗೊಬ್ಬರು. ಸಮುದ್ರದ ಜೋಡಿ ದಿನಾ ಎರಡು ಹೊತ್ತು ಹೆಣಗೋ ಮಂದಿನೇ ಸುಸ್ತಾಗಿಲ್ಲ, ನಮಗ ವರ್ಷಕ್ಕ ಎರಡು ದಿನ ಆಗದೇ ಇರ್ತದೇನು?

ಬರೋ ಸೋಮವಾರ ಹೆಂಗೂ ಎತ್ತು ಹೂಡೋದಿಲ್ಲ. ಬೆಳಿಗ್ಗೆ ಎಂಟಕ್ಕ ಹಳ್ಳದ ಪೂಲಿನ ಹತ್ರ ಬರ್ರಿ. ಮೊದಲು ಎಲ್ಲರೂ ಸೇರಿ ಒಮ್ಮೆ ಹಳ್ಳದ ಉದ್ದಕ ನಡೆದು ನೋಡೋಣ, ಆಮೇಲೆ ರೊಕ್ಕದ ಮಾತು. ಯಾರ ಹೊಲದ ಬದು ಹಳ್ಳಕ್ಕ ಎಷ್ಟು ಬಂದೈತಿ ಅನ್ನೋ ಜಗಳ ಅವತ್ತು ಬ್ಯಾಡ. ಚಹಾ ನಮ್ಮ ಮನಿಯಿಂದ ಬರ್ತದ.

ಯಜಮಾನರು ಕಡೆಗೆ ಒಂದು ಸೇರು ಕಗ್ಗದ ಬೀಜ ಕೊಟ್ಟೇ ಕಳಿಸಿದ್ರು. ನಮ್ಮ ಹವಾಕ್ಕ ಬರ್ತದೋ ಇಲ್ಲೋ, ಮುಂಗಾರಿಗೆ ಹಿತ್ತಲದಾಗ ಒಂದು ಸಣ್ಣ ಮಡಿ ಮಾಡಿ ನೋಡ್ತೀನಿ. ಕೆಂಪಕ್ಕಿ ಭತ್ತ ನೋಡಬೇಕು ಅನ್ನೋರು ಸೋಮವಾರ ಚಹಾ ಕುಡಿಯೋವಾಗ ನೋಡ್ರಿ, ಕಿಸೆಯಾಗ ಒಂದು ಹಿಡಿ ತರ್ತೀನಿ.